ಕುಂಡದ ಒಳಗೆ ಗ್ಲೇಜ್ ಹಚ್ಚುವುದಿಲ್ಲ, ಹಚ್ಚುವುದೇ ಇಲ್ಲ

ಎಲ್ಲರಿಗೂ ನಮಸ್ಕಾರ. ಇವತ್ತು ಕುಂಡದ ಕಾಲಿಗೆ ಮೇಣ ಹಚ್ಚುವುದನ್ನು ತೋರಿಸಬೇಕು ಅಂತಿದ್ದೆ. ಮೇಣ ಕರಗಿಸಿ ಕೂಡ ಇಟ್ಟಿದ್ದೆ. ಅಷ್ಟರಲ್ಲಿ ಹಿಂದಿನ ವಿಡಿಯೋಗೆ ಬಂದ ಒಂದು ಕಾಮೆಂಟ್ ಕಣ್ಣಿಗೆ ಬಿತ್ತು. "ಹೊರಗೆ ಅಷ್ಟು ಚೆಂದದ ನೀಲಿ, ಒಳಗೆ ನೋಡಿದರೆ ಬರೀ ಮಣ್ಣು. ಗ್ಲೇಜ್ ಮುಗಿದುಹೋಯಿತಾ? ಅರೆಬರೆ ಕೆಲಸ." ಮೇಣ ಅಲ್ಲೇ ಗಟ್ಟಿಯಾಯಿತು. ಆಗಲಿ, ಮತ್ತೆ ಕರಗಿಸಿದರಾಯಿತು. ಈ ಮಾತಿಗೆ ಮೊದಲು ಉತ್ತರ ಕೊಡಬೇಕು, ಯಾಕೆಂದರೆ ಇದನ್ನು ಕೇಳಿದವರು ಇವರೊಬ್ಬರೇ ಅಲ್ಲ.

ಬೋನ್ಸಾಯ್, ಅಂದರೆ ಗಿಡ್ಡವಾಗಿ ಬೆಳೆಸುವ ಮರ, ಅದರ ಕುಂಡದ ಒಳಮೈಗೆ ಗ್ಲೇಜ್, ಅಂದರೆ ಸುಟ್ಟಾಗ ಗಾಜಾಗುವ ಲೇಪ, ಹಚ್ಚುವುದಿಲ್ಲ. ನಾನು ಮರೆತಿಲ್ಲ, ಉಳಿತಾಯವನ್ನೂ ಮಾಡಿಲ್ಲ. ಬೇಕು ಅಂತಲೇ ಬಿಟ್ಟಿದ್ದೇನೆ.

ಆ ಅರೆಬರೆ ಕೆಲಸದಲ್ಲಿ ಏನೇನಿದೆ ಗೊತ್ತಾ? ಚೌಕದ ಕುಂಡ ಅಂದರೆ ಮಣ್ಣನ್ನು ಹಲಗೆಯ ಹಾಗೆ ಲಟ್ಟಿಸಿ, ಒಂದು ಹದಕ್ಕೆ ಬಿಗಿಯಾಗುವ ತನಕ ಕಾದು, ಅಳತೆಗೆ ಕತ್ತರಿಸಿ, ಅಂಚುಗಳನ್ನು ಗೀರಿ, ಮಣ್ಣಿನ ನೀರು ಸವರಿ ಕೂಡಿಸಬೇಕು. ಮೂಲೆಗೆ ಒಳಗಿನಿಂದ ಮಣ್ಣಿನ ಎಳೆ ಕೊಟ್ಟು ಒತ್ತಬೇಕು. ಇಲ್ಲದಿದ್ದರೆ ಒಣಗುವಾಗ ಮೊದಲು ಬಾಯಿ ಬಿಡುವುದೇ ಮೂಲೆ. ಆಮೇಲೆ ಕಾಲು, ನೀರಿನ ತೂತು, ತಂತಿಯ ತೂತು. ಒಣಗಿಸುವುದಂತೂ ದೊಡ್ಡ ತಾಳ್ಮೆಯ ಕೆಲಸ. ನಾನು ಬಳಸುವ ಮಣ್ಣಿನಲ್ಲಿ ಹಸಿಯಿದ್ದಾಗ 40 ಸೆಂಟಿಮೀಟರ್ ಇದ್ದ ಕುಂಡ ಸುಟ್ಟು ಮುಗಿಯುವ ಹೊತ್ತಿಗೆ 35ಕ್ಕೆ ಇಳಿಯುತ್ತದೆ. ಒಣಗುತ್ತಾ ಕುಗ್ಗುವಾಗ ತಳ ಹಲಗೆಗೆ ಅಂಟಿಕೊಂಡರೆ ಸೀಳುತ್ತದೆ, ಅದಕ್ಕೇ ಕೆಳಗೆ ಪೇಪರ್ ಹಾಕುತ್ತೇನೆ. ಇಷ್ಟೆಲ್ಲಾ ಮಾಡಿದವನಿಗೆ ಒಳಗೆ ಒಂದು ಲೋಟ ಗ್ಲೇಜ್ ಸುರಿದು ತಿರುಗಿಸಿ ಚೆಲ್ಲುವುದು ಕಷ್ಟವಾ? ಅರ್ಧ ನಿಮಿಷದ ಕೆಲಸ ಅದು. ಒಳಗೆ ಹಚ್ಚದೆ ಕಾಪಾಡಿಕೊಳ್ಳುವುದೇ ಹೆಚ್ಚು ಕಷ್ಟ. ಬಾಯಿಯ ಅಂಚಿನಿಂದ ಒಂದು ಬೆರಳಷ್ಟು ಒಳಗೆ ಇಳಿಸಿ, ಅಲ್ಲಿಗೆ ನಿಲ್ಲಿಸಿ, ಕೆಳಗೆ ಹನಿ ಬಿದ್ದಿದ್ದರೆ ಒದ್ದೆ ಸ್ಪಂಜಿನಿಂದ ಒರೆಸಬೇಕು. ಆ ಬೆರಳಷ್ಟು ಜಾಗ ಮಾತ್ರ ಮಣ್ಣು ತುಂಬಿದ ಮೇಲೂ ಕಾಣುತ್ತದೆ. ಉಳಿದದ್ದು ಮರದ ಜಾಗ.

ಹೌದು, ಮರದ ಜಾಗ. ಎಷ್ಟೋ ಜನ ಕುಂಡವನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ, ಅದರಲ್ಲಿ ಮರ ಇರುತ್ತದೆ ಅನ್ನುವುದನ್ನೇ ಮರೆಯುತ್ತಾರೆ. ಬೋನ್ಸಾಯ್ ಕುಂಡ ಆಳ ಇರುವುದಿಲ್ಲ. ಕಾಂಡದ ಬುಡ ಎಷ್ಟು ದಪ್ಪವೋ ಕುಂಡ ಹೆಚ್ಚುಕಡಿಮೆ ಅಷ್ಟೇ ಆಳ ಅನ್ನುವುದು ಬೋನ್ಸಾಯ್ ಮಾಡುವವರ ಹಳೆಯ ಲೆಕ್ಕ. ಅಷ್ಟು ತೆಳು ಮಣ್ಣಿನಲ್ಲಿ ಮರ ತಾನಾಗಿ ನಿಲ್ಲುವುದಿಲ್ಲ. ಅದಕ್ಕೇ ತಳದಿಂದ ತಂತಿ ತಂದು ಬೇರಿನ ಗಂಟನ್ನು ಕಟ್ಟುತ್ತೇವೆ. ಗಾಳಿಗೆ ಮರ ಅಲುಗಿದರೆ ಹೊಸ ಬೇರಿನ ತುದಿಗಳು ಮುರಿಯುತ್ತವೆ, ಅಷ್ಟೇ ಕಥೆ. ನನ್ನ ಮಣ್ಣಿನಲ್ಲಿ ಗ್ರಾಗ್ ಇದೆ, ಅಂದರೆ ಸುಟ್ಟು ಪುಡಿ ಮಾಡಿದ ಮಣ್ಣು. ಅದರಿಂದ ಒಳಮೈ ತರಿತರಿಯಾಗಿರುತ್ತದೆ. ಎರಡು ವರ್ಷ ಕಳೆದು ಮರ ಎತ್ತಿದಾಗ ನೋಡಿ, ಸಣ್ಣ ಬೇರುಗಳು ಆ ತರಿಗೆ ಹಿಡಿದುಕೊಂಡು ಕೂತಿರುತ್ತವೆ. ಗ್ಲೇಜ್ ಅಂದರೆ ಏನು? ಗಾಜು. ಗಾಜಿನ ಗೋಡೆಯನ್ನು ಬೇರು ಹೇಗೆ ಹಿಡಿದುಕೊಳ್ಳಬೇಕು?

ಕೆಲವರು ನನ್ನ ಪರವಾಗಿಯೇ ಮಾತಾಡಲು ಹೋಗಿ "ಒಳಗೆ ಗ್ಲೇಜ್ ಇಲ್ಲದಿದ್ದರೆ ಕುಂಡ ಉಸಿರಾಡುತ್ತದೆ" ಅನ್ನುತ್ತಾರೆ. ದಯವಿಟ್ಟು ಬೇಡ. ಕಡಿಮೆ ಶಾಖದಲ್ಲಿ ಸುಟ್ಟ ಕೆಂಪು ಹೂಕುಂಡಕ್ಕೆ ಆ ಮಾತು ಸರಿ. ನನ್ನದು ಸ್ಟೋನ್‌ವೇರ್, 1,220ರಿಂದ 1,280 ಡಿಗ್ರಿಯವರೆಗೆ ಬೆಂದು ಬಂದದ್ದು, ಹೆಚ್ಚುಕಡಿಮೆ ಕಲ್ಲು. ಅದರ ಗೋಡೆಯಿಂದ ಗಾಳಿ ಆಡುವುದಿಲ್ಲ. ನಾನು ಹೇಳುತ್ತಿರುವುದು ಹಿಡಿತದ ಬಗ್ಗೆ. ಸರಿಯಾದ ಮಾತಿಗೆ ತಪ್ಪು ಕಾರಣ ಕೊಟ್ಟರೆ ಮಾತೇ ಸೋಲುತ್ತದೆ, ಅಲ್ವಾ?

ಇನ್ನು ತೂತಿನ ವಿಷಯ. ಒಳಗೆ ಹಚ್ಚಿದ ಗ್ಲೇಜ್ ಕಿಲ್ನ್‌ನಲ್ಲಿ, ಅಂದರೆ ಕುಂಡ ಸುಡುವ ಗೂಡಿನಲ್ಲಿ, ಜೇನಿನ ಹಾಗೆ ಕರಗುತ್ತದೆ. ತಳದಲ್ಲಿ ಅದು ಹರಿಯುವುದು ಎಲ್ಲಿಗೆ? ತೂತಿಗೆ. ಅಲ್ಲಿ ಒಂದು ದಪ್ಪ ಉಂಗುರ ಕಟ್ಟಿತು ಅಂದರೆ ನೀರು ಅದರ ಹಿಂದೆ ನಿಲ್ಲುತ್ತದೆ, ಬೇರು ಕೊಳೆಯುತ್ತದೆ. ಇನ್ನೂ ಜಾಸ್ತಿ ಹರಿದರೆ ತೂತಿನಿಂದ ಇಳಿದು ಕಿಲ್ನ್ ಹಲಗೆಗೆ ಬೆಸೆದುಕೊಳ್ಳುತ್ತದೆ. ನನಗೇ ಆಗಿದೆ ಇದು. ಕಲಿಯುವ ದಿನಗಳಲ್ಲಿ ಯಾರೋ ಹೇಳಿದರು ಅಂತ ಒಂದು ಅಂಡಾಕಾರದ ಕುಂಡಕ್ಕೆ ಒಳಗೂ ಹಚ್ಚಿದೆ. ಕಿಲ್ನ್ ತೆಗೆದಾಗ ಹೊರಗಿನ ಬಣ್ಣ ಅಷ್ಟು ಚೆನ್ನಾಗಿ ಬಂದಿತ್ತು, ಎತ್ತಲು ಹೋದರೆ ಹಲಗೆಯೇ ಜೊತೆಗೆ ಎದ್ದು ಬಂತು. ಉಳಿ ಹಿಡಿದು ಬಿಡಿಸಿದೆ, ಕಾಲು ಹೋಯಿತು, ತಳವೂ ಹೋಯಿತು. ಒಂದು ತಿಂಗಳ ಕೆಲಸ. ಅವತ್ತೇ ನಿಶ್ಚಯ ಮಾಡಿದೆ, ಒಳಗೆ ಹಚ್ಚುವುದಿಲ್ಲ.

"ಕಪ್ಪು, ಬಟ್ಟಲು ಎಲ್ಲಕ್ಕೂ ಒಳಗೆ ಗ್ಲೇಜ್ ಇರುತ್ತದಲ್ಲ?" ಅನ್ನುತ್ತಾರೆ. ಕಪ್ಪಿಗೆ ತಳದಲ್ಲಿ ತೂತು ಇದೆಯಾ? ಇಲ್ಲ. ಹಾಗಾದರೆ ಈ ಹೋಲಿಕೆ ಇಲ್ಲಿಗೆ ಮುಗಿಯಿತು. ಕಲ್ಲು ಇಟ್ಟು ನೀರು ನಿಲ್ಲಿಸುವ ಸುಯಿಬಾನ್ ಅಂತ ತಟ್ಟೆ ಇದೆ, ಅದಕ್ಕೆ ತೂತಿಲ್ಲ, ಅದಕ್ಕೆ ಬೇಕಾದರೆ ಒಳಗೆಲ್ಲಾ ಹಚ್ಚಿ. ಅದು ಬೇರೆ ಪಾತ್ರೆ, ಅದರ ಕೆಲಸವೇ ಬೇರೆ.

ಕುಂಬಾರಿಕೆ ಬಲ್ಲವರು ಹೇಳುವ ಮಾತು ಸ್ವಲ್ಪ ಗಟ್ಟಿಯಾಗಿದೆ. ಒಂದೇ ಕಡೆ ಗ್ಲೇಜ್ ಹಚ್ಚಿದರೆ ತಣಿಯುವಾಗ ಎರಡೂ ಮೈ ಒಂದೇ ಥರ ಕುಗ್ಗುವುದಿಲ್ಲ, ಬಿರುಕು ಬರುತ್ತದೆ ಅಂತ. ಬರುತ್ತದೆ, ಗ್ಲೇಜ್ ಆ ಮಣ್ಣಿಗೆ ಹೊಂದದಿದ್ದರೆ, ಗೋಡೆ ಕಾಗದದ ಹಾಗೆ ತೆಳ್ಳಗಿದ್ದರೆ. ಹಾಗಾದರೆ ಗ್ಲೇಜ್ ಸರಿ ಮಾಡಿಕೊಳ್ಳಿ! ತಣಿಯುವಾಗ ಗ್ಲೇಜ್ ಮಣ್ಣಿಗಿಂತ ಒಂಚೂರು ಕಡಿಮೆ ಕುಗ್ಗಬೇಕು, ಅಷ್ಟೇ. ಗ್ಲೇಜ್‌ನಲ್ಲಿ ಸಿಲಿಕಾ, ಅಂದರೆ ಮರಳಿನ ಪುಡಿ, ಹೆಚ್ಚಿಸಿ, ಅದನ್ನು ಕರಗಿಸುವ ಸೋಡಾ ಕಡಿಮೆ ಮಾಡಿ, ಪರೀಕ್ಷೆಯ ಬಿಲ್ಲೆ ಸುಟ್ಟು ನೋಡಿ. ಜಪಾನಿನ ತೊಕೊನಾಮೆ ಅಲ್ಲಿನ ಆರು ಪುರಾತನ ಕಿಲ್ನ್ ಊರುಗಳಲ್ಲಿ ಒಂದು, ಬೋನ್ಸಾಯ್ ಕುಂಡಕ್ಕೇ ಹೆಸರಾದ ಊರು. ಚೀನಾದ ಯಿಶಿಂಗ್ ಕೂಡ ಹಾಗೇ. ಅಲ್ಲಿಂದ ಬಂದ ಒಳ್ಳೆಯ ಗ್ಲೇಜ್ ಕುಂಡ ಯಾವುದನ್ನಾದರೂ ಬಗ್ಗಿ ನೋಡಿ. ಒಳಗೆ ಏನಿದೆ? ಬರೀ ಮಣ್ಣು.

"ಚಳಿಯ ದೇಶದಲ್ಲಿ ಬರೀ ಮಣ್ಣು ನೀರು ಕುಡಿದು, ಹೆಪ್ಪುಗಟ್ಟಿ ಒಡೆಯುತ್ತದಲ್ಲ?" ಒಡೆಯುತ್ತದೆ. ನೀರು ಹೆಪ್ಪುಗಟ್ಟಿದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ, ಸರಿಯಾಗಿ ಬೇಯದ ಮಣ್ಣು ಅದನ್ನು ತಡೆಯುವುದಿಲ್ಲ. ಅದಕ್ಕೆ ಮದ್ದು ಸರಿಯಾಗಿ ಬೇಯಿಸುವುದು, ಒಳಗೆ ಗಾಜು ಬಳಿಯುವುದಲ್ಲ. ಗಾಜಿನಲ್ಲಿ ಕೂದಲೆಳೆಯ ಬಿರುಕು ಬಂದರೆ ನೀರು ಅದರಿಂದಲೂ ಒಳಗೆ ಹೋಗುತ್ತದೆ. ಮೇಲೆ ಥಳುಕು, ಒಳಗೆ ಹುಳುಕು ಅಂದರೆ ಇದೇ. ಗ್ಲೇಜ್ ಇಲ್ಲದ ಒಳಮೈ ಸುಳ್ಳು ಹೇಳುವುದಿಲ್ಲ. ಕೊಳ್ಳುವವರು ಒಂದು ಹನಿ ನೀರು ಇಟ್ಟು ನೋಡಬಹುದು. ತಕ್ಷಣ ಹೀರಿಕೊಂಡರೆ ಕುಂಡ ಬೆಂದಿಲ್ಲ. ನಾನು ಪ್ರತಿ ಹೊಸ ಮಣ್ಣಿನ ಒಂದು ತುಂಡನ್ನು ಸುಟ್ಟು, ಒಣಗಿಸಿ ತೂಗುತ್ತೇನೆ, ಕೆಲವು ಗಂಟೆ ನೀರಿನಲ್ಲಿ ಕುದಿಸಿ, ರಾತ್ರಿಯಿಡೀ ನೆನೆಸಿ, ಮೇಲಿನ ನೀರು ಒರೆಸಿ ಮತ್ತೆ ತೂಗುತ್ತೇನೆ. 100 ಗ್ರಾಂ ಇದ್ದದ್ದು 102 ದಾಟಿದರೆ ಆ ಮಣ್ಣು ನನಗೆ ಬೇಡ. ಈ ಪರೀಕ್ಷೆಯ ಪೂರ್ತಿ ವಿಡಿಯೋ ಚಾನೆಲ್‌ನಲ್ಲಿದೆ, ನೋಡಿಲ್ಲದವರು ನೋಡಿ, ಸಬ್‌ಸ್ಕ್ರೈಬ್ ಮಾಡದವರು ಮಾಡಿ.

ಅಂದ ಹಾಗೆ ಮುಂದಿನ ವಾರ ತಾಮ್ರದ ಹಸಿರು ಗ್ಲೇಜ್ ಸುಡುತ್ತಿದ್ದೇನೆ. ಆ ಬಣ್ಣ ಮೇಪಲ್‌ಗೆ ತುಂಬಾ ಒಪ್ಪುತ್ತದೆ. ಪೈನ್‌ಗೆ ಮಾತ್ರ ಗ್ಲೇಜ್ ಇಲ್ಲದ ಕಂದು ಕುಂಡವೇ ಚೆಂದ. ತಾಮ್ರ ಅಂದಾಗ ನೆನಪಾಯಿತು: ಕೆಲವು ನರ್ಸರಿಗಳಲ್ಲಿ ಬೇರು ಸುತ್ತಿಕೊಳ್ಳದಿರಲಿ ಅಂತ ಕುಂಡದ ಒಳಗೆ ತಾಮ್ರದ ಲೇಪ ಕೊಡುತ್ತಾರೆ, ತಾಮ್ರ ತಾಗಿದ ಬೇರಿನ ತುದಿ ಬೆಳೆಯುವುದನ್ನು ನಿಲ್ಲಿಸುತ್ತದೆ. ಸರಿಯಾಗಿ ಕರಗದ ತಾಮ್ರದ ಗ್ಲೇಜನ್ನು ನೀವು ಒಳಗೆ ಬಳಿದು, ಮೇಲೆ ಹುಳಿ ಗೊಬ್ಬರ ಹಾಕುತ್ತಾ ಇರುತ್ತೀರಾ? ಹುಳಿಗೆ ತಾಮ್ರ ಬಿಟ್ಟುಕೊಂಡು ಬೇರಿಗೆ ತಾಗುತ್ತದೆ. ಯಾಕೆ ಬೇಕು?

"ಒಳಗೆ ನುಣ್ಣಗಿದ್ದರೆ ಕುಂಡ ಬದಲಿಸುವಾಗ ಮರ ಸುಲಭವಾಗಿ ಬರುತ್ತದೆ" ಅಂತ ಇನ್ನೊಬ್ಬರು. ಎರಡು ಮೂರು ವರ್ಷಕ್ಕೊಮ್ಮೆ ಬರುವ ಒಂದು ದಿನದ ಸುಖಕ್ಕೆ ಉಳಿದ ಅಷ್ಟೂ ದಿನ ಮರ ಸಡಿಲವಾಗಿರಬೇಕಾ? ಸುತ್ತ ಒಂದು ಚಾಕು ಆಡಿಸಿ, ತಂತಿ ಕತ್ತರಿಸಿ, ಬರುತ್ತದೆ. ಬರದಿದ್ದರೆ ಕುಂಡದ ಬಾಯಿ ಒಳಕ್ಕೆ ಬಾಗಿದೆ ಅಂತ ಅರ್ಥ, ಅದಕ್ಕೂ ಗ್ಲೇಜ್‌ಗೂ ಸಂಬಂಧವೇ ಇಲ್ಲ!

ಇಲ್ಲ, ಇದಕ್ಕಿಂತ ಜಾಸ್ತಿ ಕಾರಣ ನಾನು ಕೊಡುವುದಿಲ್ಲ. ಒಳಗೆ ಹಚ್ಚುವುದಿಲ್ಲ ಅಂದರೆ ಹಚ್ಚುವುದಿಲ್ಲ. ಯಾರು ಕೇಳಿದರೂ ಹಚ್ಚುವುದಿಲ್ಲ, ಎಷ್ಟು ಸಲ ಕೇಳಿದರೂ ಹಚ್ಚುವುದಿಲ್ಲ. ಬೆರಳು ಒಳಗೆ ಹಾಕಿ ಸವರಿದಾಗ ಆ ತರಿ ಕೈಗೆ ತಾಗುತ್ತದಲ್ಲ, ನನಗೆ ಇಡೀ ಕುಂಡದಲ್ಲಿ ತುಂಬಾ ಇಷ್ಟವಾಗುವ ಜಾಗವೇ ಅದು. ಹೊರಗಿನ ನೀಲಿಗಿಂತಲೂ ಇಷ್ಟ. ಆ ಕಾಮೆಂಟ್ ಬರೆದವರೇ, ನಿಮ್ಮ ಕುಂಡದ ಒಳಗಿನ ಫೋಟೋ ಕಳಿಸಿ, ಮುಂದಿನ ವಿಡಿಯೋದಲ್ಲಿ ಇಬ್ಬರದ್ದೂ ಪಕ್ಕಪಕ್ಕ ಇಟ್ಟು ನೋಡೋಣ.

ಮೇಣದ ವಿಡಿಯೋ ನಾಳಿದ್ದು ಬರುತ್ತದೆ. ಕಿಲ್ನ್ ಈಗ ಇನ್ನೂ 180 ಡಿಗ್ರಿ ತೋರಿಸುತ್ತಿದೆ, ನಾಳೆ ಬೆಳಿಗ್ಗೆ ತೆಗೆಯುತ್ತೇನೆ. ಒಳಗೆ ಹನ್ನೊಂದು ಕುಂಡ ಇವೆ.