ಜಮೀನಿದೆ, ಜಾಮೀನಿಗೆ ಬರಲ್ಲ!

ನಮಸ್ಕಾರ ಎಲ್ರಿಗೂ. ಹೋದ ವಿಡಿಯೋ ಕೆಳಗೆ ಒಬ್ರು ಕಾಮೆಂಟ್ ಹಾಕಿದಾರೆ, "ಅಣ್ಣಾ, ಕಳ್ರಿಗೆಲ್ಲ ಬೇಲ್ ಕೊಡಿ ಅಂತೀರಲ್ಲ, ನಿಮ್ಮನೇಲಿ ಕಳ್ತನ ಆಗ್ಲಿ, ಆಗ ಗೊತ್ತಾಗತ್ತೆ" ಅಂತ. ಸ್ವಾಮಿ, ಬೇಲ್ ಕೊಡಿ ಅಂತ ನಾನೆಲ್ಲಿ ಹೇಳ್ದೆ? ಜಡ್ಜು ಬೇಲ್ ಕೊಟ್ಟಾಯ್ತು, ಆದ್ರೂ ಬೇಲ್ ಸಿಕ್ಕ ಮನುಷ್ಯ ಇನ್ನೂ ಜೈಲೊಳಗೇ ಇದಾನಲ್ಲ, ಅದ್ಯಾಕೆ ಅಂತ ಕೇಳಿದ್ದು.

ಮೊನ್ನೆ ನಮ್ಮ ಕೋಲಾರ ಜಿಲ್ಲೇದೇ ಒಂದು ಕೋರ್ಟ್ ಹೊರಗೆ ಜೆರಾಕ್ಸ್ ಅಂಗಡಿ ಹತ್ರ ಒಬ್ಬಮ್ಮ ನಿಂತಿದ್ರು, ಕೈಯಲ್ಲೊಂದು ಪ್ಲಾಸ್ಟಿಕ್ ಕವರ್ರು, ಅದ್ರಲ್ಲಿ ಆಧಾರು, ರೇಷನ್ ಕಾರ್ಡು, ನಾಲ್ಕು ಮಡಿಕೆ ಮಾಡಿರೋ ಪಹಣಿ. ಮಗ ಟೊಮ್ಯಾಟೊ ಮಂಡೀಲಿ ಬಾಕ್ಸ್ ಹೊರೋ ಹುಡುಗ. ಬೇಲ್ ಆಗಿ ಹನ್ನೆರಡು ದಿನ, ಆದ್ರೆ ಆಸ್ತಿ ತೋರ್ಸಿ ಜಾಮೀನು ನಿಲ್ಲೋರು, ಅಂದ್ರೆ ಶೂರಿಟಿ, ಸಿಗ್ದೆ ಇನ್ನೂ ಒಳಗೇ. ಪಹಣಿ ಬಿಚ್ಚಿ ನೋಡಿದ್ರೆ ಸತ್ತೋಗಿರೋ ಮಾವನ ಹೆಸ್ರಲ್ಲೇ ಇದೆ, ಪೌತಿ ಖಾತೆನೇ ಆಗಿಲ್ಲ, ಅಂದ್ರೆ ಸತ್ತವ್ರ ಜಮೀನು ವಾರಸುದಾರ್ರ ಹೆಸ್ರಿಗೆ ಬಂದಿಲ್ಲ. ಜಮೀನಿದೆ, ಜಾಮೀನಿಗೆ ಬರಲ್ಲ! ಊರಲ್ಲಿ ಕೇಳಿದ್ರೆ "ನಮ್ಮ ಪಹಣೀಲಿ ಕೋರ್ಟ್ ಋಣ ಏರ್ಸಿದ್ರೆ ನಾಳೆ ಸೊಸೈಟಿ ಸಾಲ ಹುಟ್ಟಲ್ಲ ಕಣಮ್ಮ" ಅಂತಾರಂತೆ. ಅವ್ರ ಭಯಾನೂ ಸುಳ್ಳಲ್ಲ.

ಇದು ಹೊಸ ರೋಗ ಅನ್ಕೊಂಡ್ರಾ? 1978ರಲ್ಲೇ ಮೋತಿರಾಮ್ ಅನ್ನೋ ಗಾರೆ ಕೆಲ್ಸದವ್ರ ಕೇಸಲ್ಲಿ, ಮಧ್ಯಪ್ರದೇಶದ ಮ್ಯಾಜಿಸ್ಟ್ರೇಟು ಹತ್ತು ಸಾವಿರಕ್ಕೆ ಶೂರಿಟಿ ಕೇಳಿ, ಸಹೋದರ ಬಂದ್ರೆ ನಿನ್ನ ಆಸ್ತಿ ಬೇರೆ ಜಿಲ್ಲೇಲಿದೆ ನಡಿ ಅಂದ್ರು. ಸುಪ್ರೀಂ ಕೋರ್ಟಿನ ಜಸ್ಟಿಸ್ ಕೃಷ್ಣ ಅಯ್ಯರ್ ಅವ್ರು ಸಾವಿರ ರೂಪಾಯಿ ಸ್ವಂತ ಬಾಂಡ್, ಅಂದ್ರೆ ಅವ್ರೇ ಬರ್ಕೊಡೋ ಮುಚ್ಚಳಿಕೆ ಮೇಲೆ ಬಿಡಿ ಅಂದ್ರು. ಇನ್ನು 2023ರ ಜನವರೀಲಿ ಸುಪ್ರೀಂ ಕೋರ್ಟೇ ಹೇಳಿದೆ, ಬೇಲ್ ಆಗಿ ಏಳು ದಿನದಲ್ಲಿ ಹೊರಗೆ ಬರ್ಲಿಲ್ಲ ಅಂದ್ರೆ ಜೈಲಿನವ್ರು ಬಡವ್ರಿಗೆ ಪುಕ್ಕಟೆ ಕಾನೂನು ನೆರವು ಕೊಡೋ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸ್ಬೇಕು, ತಿಂಗಳಾದ್ರೂ ಬಾಂಡ್ ಕೊಡಕ್ಕಾಗ್ಲಿಲ್ಲ ಅಂದ್ರೆ ಷರತ್ತು ಸಡಿಲ ಮಾಡ್ಬೋದಾ ಅಂತ ಕೋರ್ಟೇ ನೋಡ್ಬೋದು ಅಂತ. ನೋಡ್ಬೋದು ಸಾಲದು, ನೋಡ್ಲೇಬೇಕು ಅಂತ ಕಾನೂನಲ್ಲೇ ಬರೀರಿ. ಒಂದು ತಿಂಗ್ಳು ಯಾಕೆ, ಒಂದು ವಾರ ಸಾಕು!

"ಓಡೋಗ್ಬಿಟ್ರೆ?" ಅಂತೀರಾ. ಎಲ್ಲಿಗೆ ಓಡ್ತಾನೆ ರೀ, ಪಕ್ಕದ ಮಾಲೂರಿಗಾ? ದಿನಗೂಲಿ ಇಲ್ದೆ ಎರಡು ದಿನ ಆಚೆ ಇರಕ್ಕಾಗಲ್ಲ ಅವ್ನಿಗೆ. ಓಡೋ ಶಕ್ತಿ ಇರೋರಿಗೆ ಪಹಣಿ ಇರೋರು ಹತ್ತು ಜನ ಸಿಗ್ತಾರೆ, ಅವ್ರು ಸಂಜೆಗೇ ಮನೇಲಿರ್ತಾರೆ!

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ನಿಮ್ಗೆ ಗೊತ್ತಿರೋ ವಕೀಲ್ರಿಗೆಲ್ಲ ಈ ವಿಡಿಯೋ ಕಳ್ಸಿ. ಬೇಲ್ ಕೊಟ್ಮೇಲೆ ಬಿಡ್ರಪ್ಪ, ಅಷ್ಟೇ ನಾನ್ ಕೇಳ್ತಿರೋದು, ಬಿಡಿ! ಆ ಅಮ್ಮನ ನಂಬರ್ ಇಸ್ಕೊಂಡಿದೀನಿ, ನಾಳೆ ಬೆಳಗ್ಗೆ ಕಾನೂನು ಸೇವಾ ಪ್ರಾಧಿಕಾರಕ್ಕೆ ನಾನೇ ಕರ್ಕೊಂಡ್ ಹೋಗ್ತೀನಿ.