ದ್ರಾಕ್ಷಿ ಹಿಂಡಿದ ಮೇಲೆ ಉಳಿಯುವ ರಾಶಿ

ಕೇಳುಗರಿಗೆ ನಮಸ್ಕಾರ.

ಒಂದು ವೈನರಿಗೆ 100 ಟನ್ ದ್ರಾಕ್ಷಿ ಬಂತು ಅಂತಿಟ್ಟುಕೊಳ್ಳಿ. ರಸವನ್ನೆಲ್ಲ ತೆಗೆದ ಮೇಲೆ ಸಿಪ್ಪೆ, ಬೀಜ ಸೇರಿದ ಚರಟವೇ ಹಸಿ ತೂಕದಲ್ಲಿ ಹೆಚ್ಚುಕಡಿಮೆ 20 ಟನ್ ಉಳಿಯುತ್ತದೆ. ಹಣ್ಣು ಬಿಡಿಸಿದ ಗೊಂಚಲಿನ ಕಡ್ಡಿಗಳದು ಇನ್ನೊಂದು 3ರಿಂದ 5 ಟನ್. ಟ್ಯಾಂಕಿನ ತಳದಲ್ಲಿ ಕೂರುವ ಗಸಿ ಬೇರೆ, ಸೋಸುವಾಗ ಬರುವ ಕೆಸರು ಬೇರೆ. ಇಷ್ಟೂ ವರ್ಷವಿಡೀ ಸ್ವಲ್ಪ ಸ್ವಲ್ಪವಾಗಿ ಬಂದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಬಹುಪಾಲು ಬರುವುದು ಸುಗ್ಗಿಯ ಕೆಲವೇ ವಾರಗಳಲ್ಲಿ. ಆಗ ವೈನರಿಯಲ್ಲಿ ಎಲ್ಲರ ಕಣ್ಣೂ ಹುದುಗುತ್ತಿರುವ ರಸದ ಮೇಲಿರುತ್ತದೆ, ಅಂಗಳದ ರಾಶಿಯ ಕಡೆ ತಿರುಗಿ ನೋಡುವವರೇ ಇರುವುದಿಲ್ಲ.

ಈ ಚರಟದಲ್ಲಿ ಎರಡು ಬಗೆ. ಬಿಳಿ ವೈನಿಗೆ ದ್ರಾಕ್ಷಿಯನ್ನು ಮೊದಲೇ ಹಿಂಡಿ ರಸವನ್ನಷ್ಟೇ ಹುದುಗಿಸುತ್ತಾರೆ. ಹಾಗಾಗಿ ಆ ಚರಟದಲ್ಲಿ ಸಕ್ಕರೆ ಇನ್ನೂ ಉಳಿದಿರುತ್ತದೆ. ಕೆಂಪು ವೈನಿನಲ್ಲಿ ಸಿಪ್ಪೆಯ ಸಮೇತ ಹುದುಗಿಸಿ ಆಮೇಲೆ ಹಿಂಡುವುದರಿಂದ ಸಿಗುವುದು ಆಲ್ಕೋಹಾಲ್ ಹೀರಿದ ಚರಟ. ಬಯಲಿನಲ್ಲಿ ಸುರಿದರೆ ಎರಡೂ ಕೆಡುತ್ತವೆ. ಸಕ್ಕರೆ ಹುದುಗುತ್ತದೆ, ಆಲ್ಕೋಹಾಲ್ ವಿನೆಗರ್ ಆಗುತ್ತದೆ, ಹಣ್ಣುನೊಣಗಳು ಮುತ್ತುತ್ತವೆ. ಅದಕ್ಕಿಂತ ದೊಡ್ಡ ಕಾಟ ರಾಶಿಯ ಬುಡದಿಂದ ಒಸರುವ ಕಂದು ನೀರು. ಅದು ಹುಳಿ, ಪೊಟ್ಯಾಸಿಯಂ ಹೇರಳ, ಕರಗಿದ ಸಾವಯವ ಪದಾರ್ಥವೂ ಹೇರಳ. ಕೆರೆ ಹಳ್ಳಕ್ಕೆ ಸೇರಿದರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ, ಮೀನು ಸಾಯುತ್ತದೆ. ಆದ್ದರಿಂದ ಸುಗ್ಗಿಗೆ ಮುಂಚೆಯೇ ಇಳಿಜಾರಿನ ಕಾಂಕ್ರೀಟ್ ನೆಲ, ಒಸರು ನೀರಿಗೊಂದು ಗುಂಡಿ, ಮಳೆ ಬೀಳದಂತೆ ಮೇಲೆ ಹೊದಿಕೆ, ಇಷ್ಟು ಸಿದ್ಧವಿರಬೇಕು. ಕಡ್ಡಿ, ಚರಟ, ಗಸಿ ಮೂರನ್ನೂ ಬೇರೆ ಬೇರೆ ಇಡಬೇಕು. ಒಮ್ಮೆ ಕಲಸಿಹೋದರೆ ಒಂದೊಂದನ್ನೂ ಅದರದರ ಉಪಯೋಗಕ್ಕೆ ಬೇರ್ಪಡಿಸುವುದು ಕಷ್ಟ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಕೆಂಪು ವೈನಿನ ಟ್ಯಾಂಕಿಗೆ ಇಳಿದು ಚರಟ ತೋಡಿ ತೆಗೆಯುವುದು ಜೀವಕ್ಕೆ ಎರವಾಗಬಲ್ಲ ಕೆಲಸ. ಹುದುಗುವಾಗ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ. ವೈನ್ ಬಸಿದ ಮೇಲೂ ಅದು ಟ್ಯಾಂಕಿನೊಳಗೆ ನಿಂತಿರುತ್ತದೆ, ಚರಟವನ್ನು ಕೆದಕಿದಾಗ ಇನ್ನಷ್ಟು ಹೊರಬರುತ್ತದೆ. ಕಣ್ಣಿಗೆ ಕಾಣದು. ಒಳಗಿಳಿದವನು ಕೆಲವೇ ಉಸಿರಿನಲ್ಲಿ ಕುಸಿಯಬಹುದು, ಅವನನ್ನು ಎತ್ತಲು ಧಾವಿಸಿದವನೂ ಅಲ್ಲೇ ಬೀಳಬಹುದು. ವೈನ್ ಮಾಡುವ ಹಲವು ದೇಶಗಳಲ್ಲಿ ಇಂಥ ಸಾವುಗಳಾಗಿವೆ. ಫ್ಯಾನ್ ಹಾಕಿ ಗಾಳಿ ಆಡಿಸಿ, ಅನಿಲವನ್ನು ಮಾಪಕದಲ್ಲಿ ಅಳೆದು, ಹೊರಗೊಬ್ಬ ಕಾವಲು ನಿಂತ ಮೇಲೆಯೇ ಇಳಿಯಬೇಕು. ಬುಡದ ಬಾಗಿಲಿನಿಂದ ಹೊರಗಿನಿಂದಲೇ ಎಳೆದು ತೆಗೆಯಲು ಸಾಧ್ಯವಿದ್ದರೆ ಇಳಿಯುವ ಗೊಡವೆಯೇ ಬೇಡ.

ಇನ್ನು ಕಸದಿಂದ ರಸ ತೆಗೆಯುವ ಮಾತು. ದ್ರಾಕ್ಷಿ ಬೀಜದಲ್ಲಿ ಎಣ್ಣೆ ಇದೆ, ಸಿಪ್ಪೆಯಲ್ಲಿ ಬಣ್ಣವಿದೆ, ಇದನ್ನೆಲ್ಲ ತೆಗೆದರೆ ಕಸವೇ ಇರುವುದಿಲ್ಲ ಎಂದು ಉತ್ಸಾಹದಿಂದ ಹೇಳುವವರಿದ್ದಾರೆ. ನನಗೆ ಆ ಮಾತಿನಲ್ಲಿ ಅರ್ಧ ನಂಬಿಕೆ ಮಾತ್ರ. ಲೆಕ್ಕ ಹಾಕಿ ನೋಡೋಣ. 100 ಟನ್ ದ್ರಾಕ್ಷಿಯಲ್ಲಿ ಬೀಜ 3ರಿಂದ 4 ಟನ್ ಸಿಕ್ಕೀತು. ಅದರಲ್ಲಿ ಎಣ್ಣೆಯ ಪಾಲು ನೂರಕ್ಕೆ 10ರಿಂದ 15. ಅಂದರೆ ಎಲ್ಲ ಚೆನ್ನಾಗಿ ನಡೆದರೂ ಅರ್ಧ ಟನ್ ಎಣ್ಣೆ. ಉಳಿದ ರಾಶಿ ಎಲ್ಲಿ ಹೋಯಿತು? ಎಲ್ಲೂ ಹೋಗಲಿಲ್ಲ, ಅಂಗಳದಲ್ಲೇ ಇದೆ. ಎಣ್ಣೆ ಒಳ್ಳೆಯದೇ, ಬೀಜ ಬೇರ್ಪಡಿಸಿ ಒಣಗಿಸುವ ಸೌಲಭ್ಯ ಹತ್ತಿರವಿದ್ದರೆ ಖಂಡಿತ ಮಾಡಬಹುದು. ಅದರಿಂದ ಕಸ ಕರಗುತ್ತದೆ ಎಂದು ಮಾತ್ರ ಯಾರೂ ಯೋಜನೆ ಹಾಕಬಾರದು.

ಭಟ್ಟಿ ಇಳಿಸುವುದರ ಕಥೆಯೂ ಅಷ್ಟೇ. ಇಟಲಿಯ ಗ್ರಾಪ್ಪಾ ಎಂಬ ಮದ್ಯ ತಯಾರಾಗುವುದು ಚರಟದಿಂದಲೇ. ಯುರೋಪಿಯನ್ ಒಕ್ಕೂಟದಲ್ಲಿ ದ್ರಾಕ್ಷಿಯನ್ನು ಕೊನೆಯ ಹನಿಯವರೆಗೆ ಹಿಂಡುವಂತಿಲ್ಲ, ಚರಟದಲ್ಲೂ ಗಸಿಯಲ್ಲೂ ಇಂತಿಷ್ಟು ಆಲ್ಕೋಹಾಲ್ ಉಳಿದಿರಬೇಕೆಂಬ ನಿಯಮವಿದೆ. ಚರಟಕ್ಕೆ ಮತ್ತೆ ನೀರು, ಸಕ್ಕರೆ ಬೆರೆಸಿ ಕಳಪೆ ವೈನ್ ಮಾಡುವುದನ್ನು ತಡೆಯಲು ಇದೊಂದು ದಾರಿ. ಸಿಪ್ಪೆಯಲ್ಲಿರುವ ಪೆಕ್ಟಿನ್ ಎಂಬ ಅಂಟು ಪದಾರ್ಥದಿಂದ ಮೆಥನಾಲ್ ಎಂಬ ವಿಷವೂ ಹುಟ್ಟುವುದರಿಂದ ಭಟ್ಟಿ ಇಳಿಸುವುದು ಪರವಾನಗಿ ಇರುವ ಭಟ್ಟಿಗಳು ಮಾಡಬೇಕಾದ ಕೆಲಸ, ಹಿತ್ತಿಲಿನ ಕೆಲಸವಲ್ಲ. ಭಟ್ಟಿ ಇಳಿಸಿದ ಮೇಲೂ ಬೆಂದ ಚರಟ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ.

ನಿಜವಾಗಿ ಬೆಲೆಬಾಳುವುದು ಗಸಿ. ಸತ್ತ ಯೀಸ್ಟ್ ಜತೆಗೆ ಅದರಲ್ಲಿ ಟಾರ್ಟಾರಿಕ್ ಆಮ್ಲದ ಪೊಟ್ಯಾಸಿಯಂ ಲವಣ ಇರುತ್ತದೆ. ಬೇಕಿಂಗ್ ಮಾಡುವವರು ಕ್ರೀಮ್ ಆಫ್ ಟಾರ್ಟರ್ ಎಂದು ಕೊಳ್ಳುವುದು ಅದನ್ನೇ. ಟ್ಯಾಂಕಿನ ಗೋಡೆಗೆ ಹರಳಾಗಿ ಅಂಟುವುದೂ ಅದೇ. 1769ರಲ್ಲಿ ಸ್ವೀಡನ್ನಿನ ರಸಾಯನವಿಜ್ಞಾನಿ ಶೀಲೆ ಈ ಆಮ್ಲವನ್ನು ಬೇರ್ಪಡಿಸಿದ. 1848ರಲ್ಲಿ ಲೂಯಿ ಪಾಶ್ಚರ್ ಅದರ ಇನ್ನೊಂದು ಲವಣದ ಹರಳುಗಳನ್ನು ಚಿಮಟದಲ್ಲಿ ಹೆಕ್ಕಿ, ಎಡಗೈ ಬಲಗೈಗಳ ಹಾಗೆ ಒಂದಕ್ಕೊಂದು ಪ್ರತಿಬಿಂಬವಾದ ಎರಡು ಗುಂಪು ಮಾಡಿದ. ಅಣುಗಳಿಗೂ ಎಡ ಬಲ ಉಂಟೆಂಬ ತಿಳಿವಳಿಕೆ ಅಲ್ಲಿಂದ ಬೆಳೆಯಿತು. ವೈನಿನ ಗಸಿ ರಸಾಯನಶಾಸ್ತ್ರಕ್ಕೆ ಕೊಟ್ಟ ಕಾಣಿಕೆ ಸಣ್ಣದಲ್ಲ. ಆದ್ದರಿಂದ ಗಸಿಯನ್ನು ಚರಂಡಿಗೆ ಬಿಡುವುದು ಎರಡು ರೀತಿಯಲ್ಲಿ ತಪ್ಪು: ಮಾರಬಹುದಾದದ್ದು ಹೋಯಿತು, ಶುದ್ಧೀಕರಣ ಘಟಕದ ಮೇಲೆ ಹೊರೆಯೂ ಬಿತ್ತು.

ಚರಟವನ್ನು ದನಗಳಿಗೆ ಹಾಕಬಹುದೇ? ಸ್ವಲ್ಪ ಹಾಕಬಹುದು. ಗಾಳಿಯಾಡದಂತೆ ಒತ್ತಿ ಮುಚ್ಚಿಟ್ಟರೆ ಸೈಲೇಜ್, ಅಂದರೆ ಹುದುಗಿಸಿಟ್ಟ ಮೇವು ಆಗಿ ಉಳಿಯುತ್ತದೆ. ಆಸ್ಟ್ರೇಲಿಯಾದಲ್ಲಿ ಹಾಲು ಕರೆಯುವ ಹಸುಗಳಿಗೆ ತಿನ್ನಿಸಿ ನೋಡಿದಾಗ ಅವು ಹೊರಬಿಡುವ ಮೀಥೇನ್ ಕಡಿಮೆಯಾದದ್ದು ಕಂಡಿದೆ. ಆದರೆ ಚರಟದ ಒಗರಿನ ಅಂಶವಾದ ಟ್ಯಾನಿನ್ ಪ್ರೋಟೀನನ್ನು ಕಟ್ಟಿಹಾಕುತ್ತದೆ, ನಾರು ಬಿರುಸು, ಹೊಟ್ಟೆ ತುಂಬಿದರೂ ಪೋಷಣೆ ಕಡಿಮೆ. ಕುರಿಗಳ ವಿಷಯದಲ್ಲಂತೂ ತುಂಬ ಎಚ್ಚರ ಬೇಕು. ಬಳ್ಳಿಗೆ ಮೈಲುತುತ್ತ, ಸುಣ್ಣ ಸೇರಿದ ಬೋರ್ಡೋ ದ್ರಾವಣ ಹೊಡೆದಿದ್ದರೆ ಸಿಪ್ಪೆಯಲ್ಲಿ ತಾಮ್ರ ಉಳಿದಿರಬಹುದು, ಕುರಿಗೆ ತಾಮ್ರ ಬೇಗ ವಿಷವಾಗುತ್ತದೆ.

ವೈನ್ ಸೋಸಲು ಬಳಸಿದ ಡಯಾಟಮ್ ಮಣ್ಣನ್ನು (ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ಚಿಪ್ಪಿನ ಪುಡಿ) ಒಣಗಲು ಬಿಡಬೇಡಿ. ಅದರ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಕೆಟ್ಟದ್ದು. ಹಸಿಯಾಗಿಯೇ ಚೀಲಕ್ಕೆ ತುಂಬಿ ಸಾಗಿಸಬೇಕು. ಗಾಜು, ರಟ್ಟು, ಪ್ಲಾಸ್ಟಿಕ್ ಎಲ್ಲ ಕಾರ್ಖಾನೆಗಳಲ್ಲೂ ಇರುವಂಥದ್ದೇ, ಬೇರ್ಪಡಿಸಿಟ್ಟರೆ ಸಾಕು.

ಹಾಗಾದರೆ ಉಳಿದ ಆ 20 ಟನ್ ಹೋಗಬೇಕಾದದ್ದು ಮಣ್ಣಿಗೆ, ಆದರೆ ಹಸಿಯಾಗಿ ಅಲ್ಲ. ಹಸಿ ಚರಟವನ್ನು ಹೊಲಕ್ಕೆ ದಪ್ಪಗೆ ಹರಡಿದರೆ ಅದರ ಹುಳಿ, ಟ್ಯಾನಿನ್ ಸೇರಿ ಮೊಳಕೆಯನ್ನು ಕುಗ್ಗಿಸುತ್ತವೆ. ಕೊಳೆಯುವಾಗ ಅದು ಮಣ್ಣಿನ ಸಾರಜನಕವನ್ನೂ ಕೆಲಕಾಲ ಹಿಡಿದಿಟ್ಟುಕೊಳ್ಳುತ್ತದೆ. ಕಾಂಪೋಸ್ಟ್ ಮಾಡಬೇಕು. ಚರಟ ಮೆತ್ತಗೆ ಒತ್ತಿಕೊಳ್ಳುವ ವಸ್ತು, ಗಾಳಿ ನುಗ್ಗುವುದಿಲ್ಲ. ಕತ್ತರಿಸಿದ ಗೊಂಚಲ ಕಡ್ಡಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಜತೆಗೆ ಸಗಣಿ ಗೊಬ್ಬರ ಬೆರೆಸಿ ಒಂದೂವರೆ ಮೀಟರ್ ಎತ್ತರದ ಉದ್ದನೆಯ ಸಾಲುರಾಶಿ ಹಾಕಬೇಕು. ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಹರಿಯಬಾರದು. ಹುಳಿ ಇದೆಯೆಂದು ಮೊದಲೇ ಸುಣ್ಣ ಸುರಿಯುವವರಿದ್ದಾರೆ. ಸಗಣಿ ಬೆರೆತ ರಾಶಿಗೆ ಸುಣ್ಣ ಬಿದ್ದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ರಾಶಿ ಕಾದು ಮಾಗುತ್ತಾ ಹೋದಂತೆ ಹುಳಿ ತಾನೇ ಇಳಿಯುತ್ತದೆ. ಕಾವು 55 ಡಿಗ್ರಿಗಿಂತ ಇಳಿಯದೆ 15 ದಿನ ನಿಲ್ಲಬೇಕು, ಆ ಅವಧಿಯಲ್ಲಿ 5 ಸಲ ಮಗುಚಬೇಕು ಎಂಬುದು ಸಾಲುರಾಶಿಗೆ ಬಳಕೆಯಲ್ಲಿರುವ ಅಳತೆ. ಆಮೇಲೆ ಮಾಗಲು ಕೆಲವು ತಿಂಗಳು. ಬೀಜಗಳು ಕೊನೆಯವರೆಗೂ ಇಡಿಯಾಗಿಯೇ ಕಾಣುತ್ತವೆ, ಅದನ್ನು ನೋಡಿ ಗೊಬ್ಬರ ಆಗಿಲ್ಲವೆಂದುಕೊಳ್ಳಬೇಡಿ.

ಹಸಿ ಚರಟವನ್ನು ದೂರ ಸಾಗಿಸುವುದಿದ್ದರೆ ನಿಯಮ ವಿಚಾರಿಸಿಕೊಳ್ಳಿ. ಬಳ್ಳಿಯ ಬೇರು ತಿನ್ನುವ ಫಿಲಾಕ್ಸೆರಾ ಎಂಬ ಕೀಟ ಹರಡೀತೆಂದು ಆಸ್ಟ್ರೇಲಿಯಾದಲ್ಲಿ ಸೋಂಕಿನ ವಲಯಗಳಿಂದ ಚರಟ ಹೊರಗೆ ಒಯ್ಯಲು ನಿರ್ಬಂಧವಿದೆ.

ಮಾಗಿದ ಗೊಬ್ಬರವನ್ನು ದ್ರಾಕ್ಷಿ ತೋಟಕ್ಕೇ ವಾಪಸ್ ಹಾಕುವುದು ಸಹಜ. ಹಾಕುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ, ಯಾಕೆಂದರೆ ಇದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಮಣ್ಣಿನಲ್ಲಿ ಅದು ಮಿತಿಮೀರಿದರೆ ಬಳ್ಳಿ ಹಣ್ಣಿಗೂ ಏರಿಸುತ್ತದೆ, ರಸದ ಹುಳಿ ತಗ್ಗುತ್ತದೆ, ಕೆಂಪು ವೈನಿನ ಬಣ್ಣ ಮಂಕಾಗುತ್ತದೆ. ಮಣ್ಣಿನಲ್ಲಿ ಆಗಲೇ ಸಾಕಷ್ಟಿದ್ದರೆ ಆ ವರ್ಷದ ಗೊಬ್ಬರ ಬೇರೆ ಬೆಳೆಯ ಹೊಲಕ್ಕೆ ಹೋಗಲಿ.

ನಮಸ್ಕಾರ.