ಮೊದಲು ಅಂಚು ಓದಿ

ಕೇಳುಗರಿಗೆ ನಮಸ್ಕಾರ. ಮಧ್ಯ ಅಮೆರಿಕದ ಮಾಯಾ ಜನರ ಚಿತ್ರಿತ ಮಡಕೆಗಳನ್ನು ಪರದೆಯ ಮೇಲೆ ತೋರಿಸಿದಾಗಲೆಲ್ಲ ಸಭೆಯಲ್ಲಿ ಯಾರಾದರೂ "ಎಷ್ಟು ಚೆಂದದ ಡಿಸೈನ್!" ಅನ್ನುತ್ತಾರೆ. ನನಗೆ ತುಸು ಸಿಟ್ಟೇ ಬರುತ್ತದೆ, ಕ್ಷಮಿಸಿ. ಮಡಕೆಯ ಬಾಯಿಯ ಸುತ್ತ ಸಾಲಾಗಿ ಕೂತ ಆ ಪುಟ್ಟ ಮುಖ, ಕೈ, ಮೀನು ಎಲ್ಲವೂ ಲಿಪಿ. ಮೊದಲು ಅಂಚು ಓದಿ, ಆಮೇಲೆ ಚಿತ್ರ ನೋಡಿ.

ಮಾಯಾ ವಿದ್ವಾಂಸ ಎರಿಕ್ ಥಾಂಪ್ಸನ್ ಅವರಂಥ ಘಟಾನುಘಟಿಯೇ, ಮಡಕೆಗೆ ಬಣ್ಣ ಬಳಿದವರಿಗೆ ಓದುಬರಹ ಬರುತ್ತಿರಲಿಲ್ಲ, ಸುಮ್ಮನೆ ಅಂದಕ್ಕೆ ಗೀಚಿದ್ದಾರೆ ಅಂದುಕೊಂಡಿದ್ದರು. 1973ರಲ್ಲಿ ಪುರಾತತ್ವಜ್ಞ ಮೈಕೆಲ್ ಕೋ ಎತ್ತಿ ತೋರಿಸಿದರು: ಎಷ್ಟೋ ಮಡಕೆಗಳ ಅಂಚಿನಲ್ಲಿ ಹೆಚ್ಚುಕಡಿಮೆ ಅವೇ ಚಿಹ್ನೆಗಳು, ಅದೇ ಕ್ರಮದಲ್ಲಿ. ಮುಂದೆ ಓದಿದಾಗ ಸಿಕ್ಕಿದ್ದೇನು? "ಇದು ಇಂಥವರ ಕುಡಿಯುವ ಪಾತ್ರೆ, ಇಂಥ ಪಾನೀಯಕ್ಕೆ." ನಾವು ಸ್ಟೀಲ್ ಚೊಂಬಿನ ಮೇಲೆ ಹೆಸರು ಹಾಕಿಸುತ್ತೇವಲ್ಲ, ಹಾಗೆ!

ನನ್ನ ಅಚ್ಚುಮೆಚ್ಚಿನ ಮಡಕೆಯ ಕಥೆ ಹೇಳಿಬಿಡುತ್ತೇನೆ. 1984, ಗ್ವಾಟೆಮಾಲಾದಲ್ಲಿ ರಿಯೋ ಅಸುಲ್ ಎಂಬ ಹಳೆಯ ಮಾಯಾ ಊರಿನ ಅವಶೇಷ, 19ನೇ ಸಮಾಧಿ. ಅಲ್ಲೊಂದು ಮುಚ್ಚಳದ ಮಡಕೆ, ಸುಮಾರು 1500 ವರ್ಷ ಹಳೆಯದು. ಮುಚ್ಚಳಕ್ಕೆ ಕಮಾನಿನಂಥ ಹಿಡಿ. ಅದನ್ನು ತಿರುಗಿಸಿದರೆ ಮುಚ್ಚಳ ಬಿಗಿಯಾಗಿ ಕೂರುತ್ತದೆ, ನಮ್ಮ ಉಪ್ಪಿನಕಾಯಿ ಜಾಡಿಗೂ ಇಲ್ಲದ ಬಿಗಿ! ಮೈಮೇಲೆ ಗಾರೆ ಲೇಪ, ಲೇಪದ ಮೇಲೆ ದೊಡ್ಡ ದೊಡ್ಡ ಚಿಹ್ನೆಗಳು. ಮಾಯಾ ಲಿಪಿತಜ್ಞ ಡೇವಿಡ್ ಸ್ಟುವರ್ಟ್ ಅವನ್ನು ಓದಿದರು. ಮೀನಿನ ಈಜುರೆಕ್ಕೆಯಂಥ ಗುರುತು, ಅದು 'ಕ'. ಇಡೀ ಮೀನು, ಅದೂ 'ಕ'. ಕೊನೆಗೆ 'ವ'. ಕೂಡಿಸಿದರೆ 'ಕಕವ್'. ಅಡಿಕೆ ತೋಟದ ನಡುವೆ ಕೋಕೋ ಬೆಳೆಯುವ ಪುತ್ತೂರು ಕಡೆಯ ಕೇಳುಗರೇ, ನಿಮ್ಮ ಕೋಕೋದ ಹಳೆಯ ಹೆಸರು ಇದೇ. ಸರಿ, ಮೇಲೆ ಬರೆದಿದೆ, ಒಳಗೂ ಅದೇ ಇತ್ತೇ? ತಳಕ್ಕಂಟಿದ್ದ ಕರೆಯನ್ನು ಕೆರೆದು ಹರ್ಷೀ ಚಾಕೊಲೇಟ್ ಕಂಪನಿಯ ಪ್ರಯೋಗಾಲಯಕ್ಕೆ ಕಳಿಸಿದರು. ಕೋಕೋದಲ್ಲಿ ಇರುವ ಥಿಯೋಬ್ರೊಮಿನ್ ಸಿಕ್ಕಿತು, ಕೆಫೀನ್ ಸಿಕ್ಕಿತು. ಕೋಕೋವೇ! ಮಡಕೆ ಸುಳ್ಳು ಹೇಳಿರಲಿಲ್ಲ.

ನೋಡಿ, ನನಗೆ ಕೊಟ್ಟ ಹೊತ್ತೆಲ್ಲ ಒಂದು ಮುಚ್ಚಳಕ್ಕೇ ಹೋಯಿತು. ಚಿತ್ರಗಳ ಅರ್ಥವನ್ನು ಓಡುತ್ತಲೇ ಹೇಳುತ್ತೇನೆ. ಬಿರಿದ ಆಮೆಯ ಚಿಪ್ಪಿನಿಂದ ಯುವಕನೊಬ್ಬ ಮೇಲೇಳುತ್ತಿದ್ದರೆ ಅವನು ಮೆಕ್ಕೆಜೋಳದ ದೇವರು, ಆ ಚಿಪ್ಪೇ ಭೂಮಿ. ಅಕ್ಕಪಕ್ಕ ನಿಂತವರು ಅವನ ಅವಳಿ ಮಕ್ಕಳು. ಮೆಕ್ಕೆಜೋಳ ಸತ್ತು ಮತ್ತೆ ಮೊಳೆಯುವ ಕಥೆ ಅದು, ಸಮಾಧಿಯಲ್ಲಿ ಇಡಲು ಅದಕ್ಕಿಂತ ತಕ್ಕದ್ದು ಬೇಕೇ? ಇನ್ನು, ಮಾಯಾ ಜನರ ಬಳಿ ಕುಂಬಾರನ ತಿಗರಿ ಇರಲಿಲ್ಲ. ಅಷ್ಟು ದುಂಡಗಿನ ಪಾತ್ರೆಯನ್ನು ಬರಿಗೈಯಲ್ಲೇ ಕಟ್ಟಿದರು. ಅದೇ ಒಂದು ಭಾಷಣಕ್ಕೆ ಆಗುತ್ತದೆ, ಬಿಡಿ.

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದ, ಲೋಟದಂಥ ಒಂದು ಮಾಯಾ ಪಾತ್ರೆಯನ್ನಾದರೂ ಮೊಬೈಲಿನಲ್ಲಿ ಹುಡುಕಿ ನೋಡಿ. ಒಬ್ಬ ಹೆಂಗಸು ಒಂದು ಪಾತ್ರೆಯಿಂದ ಇನ್ನೊಂದಕ್ಕೆ, ನೊರೆ ಬರಲೆಂದು, ಎತ್ತರದಿಂದ ಕೋಕೋ ಸುರಿಯುತ್ತಿದ್ದಾಳೆ. ಪಾತಾಳದ ಮುದಿ ದೇವರ ಪೀಠದ ಕೆಳಗೆ ಒಂದು ಮೊಲ ಕೂತಿದೆ, ಕೈಯಲ್ಲಿ ಕುಂಚ, ಮುಂದೆ ಮಡಚಿ ಮಡಚಿ ಇಡುವಂಥ ಪುಸ್ತಕ. ಮೊಲವೂ ಬರೆಯುತ್ತಿದೆ, ಸ್ವಾಮಿ!

ನಮಸ್ಕಾರ.